ಬಳಸುವ ಮೊದಲು ಅಲ್ಲಾಡಿಸಿ

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಕಾಯಿಲೆ ಕಂಡುಹಿಡಿಯುವುದು ಡಾಕ್ಟರಮ್ಮನ ಕೆಲಸ, ಅದನ್ನು ಓಡಿಸುವುದು ತನ್ನ ಮಿಕ್ಸ್ಚರಿನ ಕೆಲಸ ಎಂದು ಅಲ್ಲಿನ ಕಾಂಪೌಂಡರ್ ಬಲವಾಗಿ ನಂಬಿದ್ದರು. ಈ ನಂಬಿಕೆಯನ್ನು ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಔಷಧಿ ಕೊಡುವ ಕಿಟಕಿಯಲ್ಲಿ ದಿನವಿಡೀ ಕೂತವರಿಗೆ ಬಾಯಿ ಸುಮ್ಮನಿರುವುದು ಕಷ್ಟ. ಬಂದವರಿಗೆಲ್ಲ ಬಾಟಲಿಯ ಜೊತೆಗೆ ಈ ನಂಬಿಕೆಯನ್ನೂ ಒಂದೊಂದು ಗುಟುಕು ಕುಡಿಸಿ ಕಳಿಸುತ್ತಿದ್ದರು. "ಚೀಟೀಲಿ ಅಮ್ಮ ಏನಾದ್ರೂ ಬರೀಲಿ. ವಾಸಿ ಮಾಡೋದು ಮಾತ್ರ ಇದು," ಎಂದು ಪಕ್ಕದ ಗಾಜಿನ ಜಾಡಿಯನ್ನು ಬೆರಳಿನಿಂದ ಟಕ್ಕೆಂದು ಬಡಿಯುತ್ತಿದ್ದರು.

ಜಾಡಿಯಲ್ಲಿದ್ದದ್ದು ಗುಲಾಬಿ ಬಣ್ಣದ ಕೆಮ್ಮಿನ ಮಿಕ್ಸ್ಚರು. ಬೇರೆ ಕಡೆಯೆಲ್ಲ ಕಂಪನಿಯ ಸಿರಪ್ಪು ಬಂದು, ಕಾಂಪೌಂಡರ್ ಎನ್ನುವ ಜಾತಿಯೇ ಅಳಿದುಹೋಗಿ ಎಷ್ಟೋ ಕಾಲವಾಗಿತ್ತು. ಇಲ್ಲಿ ಮಾತ್ರ ಜನ ಮನೆಯಿಂದ ಖಾಲಿ ಬಾಟಲಿ ತರಬೇಕು. ಕಾಂಪೌಂಡರ್ ಅದನ್ನು ಬೆಳಕಿಗೆ ಹಿಡಿದು ಮೂಗು ಮುರಿದು, ಇನ್ನೊಮ್ಮೆ ತೊಳೆದು, ಲಾಳಿಕೆಯಿಟ್ಟು ತುಂಬಿ, ಡೋಸು ತೋರಿಸುವ ಹಲ್ಲುಹಲ್ಲಾದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಅದರ ಪಕ್ಕದ ಚೀಟಿಯ ಮೇಲೆ ದುಂಡು ಅಕ್ಷರದಲ್ಲಿ 'ಬಳಸುವ ಮೊದಲು ಚೆನ್ನಾಗಿ ಅಲ್ಲಾಡಿಸಿ' ಎಂದು ಬರೆದು, ಕೊಡುವಾಗ ಅದನ್ನೇ ಬಾಯಲ್ಲೂ ಹೇಳುತ್ತಿದ್ದರು. ಓದಲು ಬಲ್ಲವರಿಗೂ ಹೇಳುತ್ತಿದ್ದರು. ಒಮ್ಮೆ ಜ್ವರದ ಮಾತ್ರೆ ಕೊಡುವಾಗಲೂ ಬಾಯಿ ತಪ್ಪಿ ಅದನ್ನೇ ಹೇಳಿದ್ದರಿಂದ ಆ ರೋಗಿ ಮಾತ್ರೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ್ದ. ಬೀದಿಯ ಜನ ಅವರ ಬೆನ್ನ ಹಿಂದೆ ಮಿಕ್ಸ್ಚರಪ್ಪ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಬಿರುದು ಎಂದುಕೊಂಡು ಸುಮ್ಮನಿದ್ದರು.

ಇನ್ನು ಡಾಕ್ಟರಮ್ಮ. ಅರವತ್ತು ದಾಟಿದ, ಕಡಿಮೆ ಮಾತಿನ, ಸೂಜಿ ಚುಚ್ಚಿದ್ದೇ ಗೊತ್ತಾಗದಂಥ ಕೈಯ ಹೆಂಗಸು. ರೋಗಿಗಳ ಮೇಲಿನ ಅಕ್ಕರೆ ಕಳೆದು ಮಿಕ್ಕ ಅಕ್ಕರೆಯನ್ನೆಲ್ಲ ಅವರು ಒಂದು ಕಾರಿನ ಮೇಲೆ ಸುರಿದಿದ್ದರು. ಇಬ್ಬರೇ ಕೂರಬಹುದಾದ, ಚಾವಣಿಯಿಲ್ಲದ, ನೆಲಕ್ಕೆ ಅಂಟಿಕೊಂಡಂತಿದ್ದ ಹಳೇ ಕೆಂಪು ಸ್ಪೋರ್ಟ್ಸ್ ಕಾರು. ಅದನ್ನು ಹತ್ತುವುದು ಎನ್ನುವಂತಿಲ್ಲ, ಬಾವಿಗೆ ಇಳಿದಂತೆ ಇಳಿಯಬೇಕು. ಕೆಲವು ದಿನಗಳಿಂದ ಆ ಕಾರು ಬೀದಿಯ ತಿರುವಿನಲ್ಲೇ ಕೆಮ್ಮಲು ಶುರು ಮಾಡುತ್ತಿತ್ತು. ಕ್ಲಿನಿಕ್ಕಿನ ಬಾಗಿಲಿಗೆ ಬಂದು ಕಪ್ಪು ಹೊಗೆ ಉಗುಳಿ, ಕೊನೆಯದಾಗಿ ಒಮ್ಮೆ ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಿತ್ತು. ಆ ಹೊಗೆ ಕುಡಿದು ಬೆಂಚಿನ ಮೇಲೆ ಕೂತವರೂ ಕೆಮ್ಮುತ್ತಿದ್ದರು. ಎಲ್ಲ ಇಷ್ಟು ಕಣ್ಣೆದುರಿಗೇ ಇದ್ದರೂ ಮುಂದಿನದು ನಡೆದೇಹೋಯಿತು.

ಒಂದು ಮಂಗಳವಾರ ಬೆಳಿಗ್ಗೆ ಕಾಂಪೌಂಡರ್ ಬಾಟಲಿ ತುಂಬುತ್ತಿದ್ದರು. ಪರದೆಯ ಆಚೆ ಡಾಕ್ಟರಮ್ಮ ಫೋನಿನಲ್ಲಿ ತಮ್ಮನ ಜೊತೆ ಮಾತಾಡುತ್ತಿದ್ದರು.

"ಮಿಕ್ಸ್ಚರ್ ಸರಿ ಇಲ್ಲ ಕಣೋ," ಎಂದರು.

ಕಾಂಪೌಂಡರ ಕಿವಿ ನಿಮಿರಿತು.

"ತುಂಬಾ ರಿಚ್ ಆಗಿದೆ. ಕೆಮ್ಮು ನಿಲ್ತಾನೇ ಇಲ್ಲ. ಹೂಂ, ಹಳೇದಲ್ವಾ, ಕ್ಲಿನಿಕ್ ಶುರು ಮಾಡಿದಾಗಿಂದ ಜೊತೆಗಿದೆ. ಬಿಡೋಕೆ ಮನಸ್ಸು ಬರಲ್ಲ. ನನಗೆ ತಿಳಿದದ್ದೆಲ್ಲ ಮಾಡಿ ನೋಡ್ದೆ. ಭಾನುವಾರ ನೀನೇ ಬಾ, ಇಬ್ರೂ ಕೂತು ನೋಡೋಣ. ಆಗ್ಲೂ ಸರಿಹೋಗ್ಲಿಲ್ಲ ಅಂದ್ರೆ ತೆಗೆದುಹಾಕಿ ಹೊಸದು ತರಿಸೋದೇ."

ಲಾಳಿಕೆ ತುಂಬಿ, ಬಾಟಲಿ ತುಂಬಿ, ಮಿಕ್ಸ್ಚರು ಮೇಜಿನ ಮೇಲೆ ಹರಿದು ಕಾಂಪೌಂಡರ ಮೊಣಕಾಲಿಗೆ ಇಳಿಯಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಪೆಟ್ರೋಲು ಗಾಳಿಯ ಜೊತೆ ಹದವಾಗಿ ಬೆರೆತರೆ ಮಾತ್ರ ಹಳೇ ಕಾರಿನ ಎಂಜಿನ್ನು ನೆಟ್ಟಗೆ ಓಡುತ್ತದೆ. ಆ ಬೆರಕೆಗೂ ಮಿಕ್ಸ್ಚರ್ ಎಂದೇ ಹೆಸರು. ಪೆಟ್ರೋಲು ಜಾಸ್ತಿಯಾದರೆ ರಿಚ್ ಎನ್ನುತ್ತಾರೆ, ಎಂಜಿನ್ನು ಹೊಗೆಯುಗುಳಿ ಕೆಮ್ಮುತ್ತದೆ. ಬೆರೆಸುವ ಸಾಧನಕ್ಕೆ ಕಾರ್ಬುರೇಟರ್ ಎಂದು ಹೆಸರು. ಇದು ಕಾರು ಬಲ್ಲವರಿಗೆಲ್ಲ ಗೊತ್ತು. ಕಾಂಪೌಂಡರಿಗೆ ಗೊತ್ತಿರಲಿಲ್ಲ. ಅವರ ಪಾಲಿಗೆ ಈ ಲೋಕದಲ್ಲಿ ಇದ್ದದ್ದು ಒಂದೇ ಮಿಕ್ಸ್ಚರು, ಅದನ್ನು ಬೆರೆಸುವವರೂ ಒಬ್ಬರೇ.

ಮನೆಗೆ ಬಂದವರು ಊಟಕ್ಕೆ ಕೂರದೆ ಗೋಡೆಗೆ ಒರಗಿ ಕೂತರು. ಹೆಂಡತಿ ಗಾಬರಿಯಾಗಿ ಬಂದು ಮೊದಲು ಮೊಣಕಾಲು ನೋಡಿದಳು.

"ಇದೇನ್ರೀ ಗುಲಾಬಿ ಬಣ್ಣ?"

"ನನ್ನನ್ನ ತೆಗೆದುಹಾಕ್ತಾರಂತೆ ಕಣೇ."

"ಯಾರು?"

"ಅಮ್ಮ. ಭಾನುವಾರ ಅವರ ತಮ್ಮನ್ನ ಕರೆಸ್ತಿದ್ದಾರೆ, ವಿಚಾರಣೆ ಮಾಡೋಕೆ. ಆಮೇಲೆ ಹೊಸದು ತರಿಸ್ತಾರಂತೆ." ಅವರು ಗೋಡೆಯ ಕಡೆ ಮುಖ ತಿರುಗಿಸಿದರು. "ಹೊಸಬ ಅಂತಾನೂ ಅನ್ನಲಿಲ್ಲ ಕಣೇ. ಹೊಸದು ಅಂದ್ರು. ಕುರ್ಚಿ ಬೆಂಚು ತರಿಸಿದ ಹಾಗೆ."

ಹೆಂಡತಿ ಸೆರಗಿನಿಂದ ಅವರ ಮೊಣಕಾಲು ಒರೆಸುತ್ತ, "ಆ ಜಾಡಿ ಬಡಿಯೋ ಅಭ್ಯಾಸ ಬಿಡಿ ಅಂತ ಎಷ್ಟು ಸಲ ಹೇಳ್ದೆ? ಅಮ್ಮನ ಕಿವಿಗೆ ಬಿದ್ದಿರುತ್ತೆ," ಎಂದಳು. ಬೈದಳು, ಆದರೆ ಒರೆಸುವ ಕೈ ಮೆತ್ತಗೇ ಇತ್ತು. ಆಮೇಲೆ ತನ್ನ ತಮ್ಮನಿಗೆ ಹೇಳಿಕಳಿಸಿದಳು.

ಈ ಭಾವಮೈದ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಬೆಳಗಾದರೆ ಕಾರಿನಲ್ಲಿ ಕೂತು ಸಂಜೆಗೆ ಇಳಿಯುವ ಮನುಷ್ಯ. ಬೇರೆ ಯಾರಿಗಲ್ಲದಿದ್ದರೂ ಇವನಿಗಾದರೂ ಹೊಳೆಯಬೇಕಿತ್ತು. ಆದರೆ ಅವನು ಸ್ಟೇರಿಂಗಿನ ಈಚೆಯವನೇ ಹೊರತು ಬಾನೆಟ್ ಎತ್ತಿ ನೋಡಿದವನಲ್ಲ. ಅಕ್ಕ ಕೊಟ್ಟ ಟೀ ಕುಡಿದು, ಮಾತು ಪೂರ್ತಿ ಕೇಳಿ, ಗಂಭೀರವಾಗಿ ತಲೆಯಾಡಿಸಿದ.

"ಭಾವ, ರಿಚ್ ಅಂದ್ರೇನು? ಶ್ರೀಮಂತ. ಅಂದ್ರೆ ನಿಮ್ಮ ಮಿಕ್ಸ್ಚರಿನಲ್ಲಿ ಶ್ರೀಮಂತಿಕೆ ಜಾಸ್ತಿಯಾಗಿದೆ. ಸಕ್ಕರೆ ಪಾಕ ಧಾರಾಳವಾಗಿ ಸುರೀತಿದ್ದೀರಿ. ಇಳಿಸಿ, ಬಡತನ ತನ್ನಿ."

"ತಂದ್ರೆ ಕೆಮ್ಮು ನಿಲ್ಲುತ್ತಾ?"

"ಅದು ನಿಮ್ಮ ಇಲಾಖೆ ಭಾವ. ನಾನು ಬರೀ ಪದದ ಅರ್ಥ ಹೇಳ್ದೆ."

ಮಾರನೆಯ ದಿನ ಕಾಂಪೌಂಡರ್ ಮಿಕ್ಸ್ಚರಿಗೆ ಬಡತನ ತಂದರು. ಒಂದು ಚೊಂಬು ನೀರು ಹೊಯ್ದರು. ಅದರ ಮಾರನೆಯ ದಿನ ಹೆದರಿಕೆ ಹೆಚ್ಚಾಗಿ ಇನ್ನೊಂದು ಚೊಂಬು ಹೊಯ್ದರು. ಜಾಡಿಯಲ್ಲಿ ಗುಲಾಬಿ ಹೋಗಿ ಗುಲಾಬಿಯ ನೆನಪಷ್ಟೇ ಉಳಿಯಿತು. ಕೆಮ್ಮು ಮಾತ್ರ ಜಗ್ಗಲಿಲ್ಲ. ಬೆಂಚಿನ ಮೇಲೆ ಒಬ್ಬೊಬ್ಬರು ಕೆಮ್ಮಿದಾಗಲೂ ಅವರಿಗೆ ತನ್ನ ಕುರ್ಚಿಯ ಒಂದೊಂದು ಕಾಲು ಮುರಿದಂತೆ ಕೇಳಿಸುತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು ಹೆಂಡತಿ. "ಅಮ್ಮನಿಗೆ ಕೆಮ್ಮು ಕೇಳಿಸಬಾರದು, ಅಷ್ಟೇ ತಾನೇ? ಕೆಮ್ಮಬೇಡಿ ಅಂತ ಜನಕ್ಕೇ ಹೇಳಿ," ಎಂದಳು.

"ಹಾಗೆಲ್ಲ ಹೇಳಿದ್ರೆ ಕೇಳ್ತಾರೇನೇ?"

"ಇಷ್ಟು ವರ್ಷ ನೀವು ಅವರಿಗೆ ಏನೂ ಮಾಡಿಲ್ವಾ?"

ಕಾಂಪೌಂಡರಿಗೆ ತಾನು ಯಾರಿಗೂ ಏನೂ ಮಾಡಿದ ನೆನಪಿರಲಿಲ್ಲ. ಬಾಟಲಿ ತುಂಬಿದ್ದು ನೆನಪಿತ್ತು. ನಾಚಿಕೆಯಿಂದ ಮುದುಡಿಕೊಂಡೇ ಮೊದಲು ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರು ನಿವೃತ್ತರಾಗಿದ್ದರು, ಅವರ ಕೆಮ್ಮು ಇನ್ನೂ ಆಗಿರಲಿಲ್ಲ. ಬೀದಿಯ ಈ ತುದಿಯಲ್ಲಿ ಅವರು ಕೆಮ್ಮಿದರೆ ಆ ತುದಿಯ ಬೆಕ್ಕು ಕಿಟಕಿಯಿಂದ ಹಾರುತ್ತಿತ್ತು.

ವಿಷಯ ಕೇಳಿ ಮೇಷ್ಟ್ರು ಕೈಯಲ್ಲಿದ್ದ ಪೇಪರು ಮಡಿಸಿಟ್ಟರು. ಆಮೇಲೆ, "ನನ್ನ ಹೆಂಡತಿ ಹಾಸಿಗೆ ಹಿಡಿದಾಗ ದಿನಾ ಸಂಜೆ ಔಷಧಿ ತಂದುಕೊಟ್ಟು ಹೋದವರು ಯಾರ್ರೀ?" ಎಂದು ಕೇಳಿದರು.

"ಅದು ನನ್ನ ಮನೆ ದಾರೀಲೇ ಅಲ್ವಾ ಮೇಷ್ಟ್ರೇ."

"ನಿಮ್ಮ ಮನೆ ಆ ಕಡೆ, ನನ್ನ ಮನೆ ಈ ಕಡೆ. ನನಗೆ ದಿಕ್ಕು ಗೊತ್ತಿಲ್ವಾ? ಹೋಗಿ, ನಿಮಗೋಸ್ಕರ ಒಂದು ಕೆಮ್ಮು ನುಂಗೋಕೆ ಆಗದಿದ್ರೆ ನಾನೆಂಥ ಮನುಷ್ಯ!" ಎಂದು ಘರ್ಜಿಸಿ, ಆ ಘರ್ಜನೆಯ ತುದಿಯಲ್ಲಿ ಬಂದ ಕೆಮ್ಮನ್ನು ಅಲ್ಲೇ ನುಂಗಿ ತೋರಿಸಿದರು. ಕಣ್ಣು ಗುಡ್ಡೆ ಹೊರಗೆ ಬಂದು ಒಳಗೆ ಹೋಯಿತು.

ಮೂಲೆಯ ಅಂಗಡಿಯ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿಸಿಕೊಂಡಳು. "ನನ್ನ ಮಗಳಿಗೆ ಜ್ವರ ತಲೆಗೇರಿದಾಗ ಊಟದ ತಟ್ಟೆ ಬಿಟ್ಟು ಎದ್ದು ಬಂದು ಕ್ಲಿನಿಕ್ ಬಾಗಿಲು ತೆಗೆದ್ರಲ್ಲಣ್ಣ, ಅದು ಮರೀತೀನಾ? ನೀವು ಮನೆಗೆ ಹೋಗಿ. ಮಿಕ್ಕವರಿಗೆಲ್ಲ ನಾನು ಹೇಳ್ತೀನಿ," ಎಂದಳು. ಟೈಲರಮ್ಮ ಒಬ್ಬರಿಗೆ ಹೇಳಿದರೆ ಬೀದಿಗೇ ಹೇಳಿದಂತೆ. ಸಂಜೆಯ ಹೊತ್ತಿಗೆ ಸುದ್ದಿಗೆ ರೆಕ್ಕೆಪುಕ್ಕ ಬಂದು, ಕೆಮ್ಮಿದವರು ಕಾಂಪೌಂಡರ ಹೊಟ್ಟೆಯ ಮೇಲೆ ಹೊಡೆದಂತೆ ಎಂದು ತೀರ್ಮಾನವಾಗಿತ್ತು.

ಶುಕ್ರವಾರ ಕ್ಲಿನಿಕ್ಕಿನಲ್ಲಿ ಕಂಡ ನೋಟವನ್ನು ವರ್ಣಿಸುವುದು ಸುಲಭವಲ್ಲ. ಬೆಂಚುಗಳು ಭರ್ತಿಯಾಗಿದ್ದವು. ಸೂಜಿ ಬಿದ್ದರೆ ಕೇಳಿಸುವಷ್ಟು ಮೌನ. ಒಬ್ಬರ ಕೆನ್ನೆ ಉಬ್ಬಿತ್ತು, ಇನ್ನೊಬ್ಬರ ಬಾಯಲ್ಲಿ ಕರ್ಚೀಫು ಪೂರ್ತಿ ಒಳಗೆ ಹೋಗಿತ್ತು, ಮತ್ತೊಬ್ಬರು ಭುಜ ಕುಣಿಸುತ್ತ ಚಾವಣಿ ನೋಡುತ್ತಿದ್ದರು. ಆಗಾಗ ಯಾರಾದರೂ ಧಡಕ್ಕನೆ ಎದ್ದು, ಬೀದಿ ದಾಟಿ, ಎದುರಿನ ಗೋಡೆಯ ಹಿಂದೆ ಮರೆಯಾಗಿ, ಮರ ಸೀಳಿದಂಥ ಸದ್ದು ಮಾಡಿ, ಶಾಂತ ಮುಖದೊಂದಿಗೆ ವಾಪಸು ಬಂದು ಕೂರುತ್ತಿದ್ದರು. ಕಾಂಪೌಂಡರ್ ಕಿಟಕಿಯಿಂದ ಇದನ್ನೆಲ್ಲ ನೋಡಿದರು. ಇವರೆಲ್ಲ ತನಗಾಗಿ ಉಸಿರು ಬಿಗಿಹಿಡಿದು ಕೂತಿದ್ದಾರೆಂದು ಅವರ ಎದೆ ತುಂಬಿತು. ಕಣ್ಣು ಒರೆಸಿಕೊಂಡು ಇನ್ನೊಂದು ಚೊಂಬು ನೀರು ಹೊಯ್ದರು.

ಒಳಗೆ ಡಾಕ್ಟರಮ್ಮ ಮೇಷ್ಟ್ರ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟರು. "ಎಲ್ಲಿ, ಒಂದು ಸಲ ಕೆಮ್ಮಿ."

"ಕೆಮ್ಮಲ್ಲ."

"ಏನು?"

"ಬೇರೆ ಏನು ಬೇಕಾದ್ರೂ ಕೇಳಿ ಡಾಕ್ಟ್ರೇ. ನಾಲಿಗೆ ತೋರಿಸ್ತೀನಿ. ಒಂಟಿ ಕಾಲಲ್ಲಿ ನಿಲ್ತೀನಿ."

"ಮೇಷ್ಟ್ರೇ, ನಿಮ್ಮ ಎದೆ ಒಳಗೆ ಗಿರಣಿ ಓಡ್ತಿದೆ. ಕೆಮ್ಮಿ ಅಂದ್ರೆ ಕೆಮ್ಮಬೇಕು."

"ಪ್ರಾಣ ಹೋದ್ರೂ ಇಲ್ಲ!" ಎಂದು ಅಂಗಿಯ ಗುಂಡಿಯನ್ನು ಒಂದರ ಬದಲು ಇನ್ನೊಂದಕ್ಕೆ ಹಾಕಿಕೊಂಡು ಮೇಷ್ಟ್ರು ಸೆಟೆದು ಹೊರಗೆ ನಡೆದರು. ಬೆಂಚಿನವರೆಲ್ಲ ಅವರನ್ನು ಯುದ್ಧ ಗೆದ್ದು ಬಂದವರಂತೆ ನೋಡಿದರು.

ಶನಿವಾರ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಬಂದರು. ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಬಂದು ಆ ದಿನ ಎಷ್ಟು ಕೆಮ್ಮು, ಎಷ್ಟು ಜ್ವರ ಎಂದು ಬರೆದುಕೊಳ್ಳುವುದು ಅವರ ಕೆಲಸ.

"ಹೋದ ವಾರ ನಿಮ್ಮಲ್ಲಿ ಬೆಂಚು ಸಾಲದಷ್ಟು ಕೆಮ್ಮು. ಈ ವಾರ ಸೊನ್ನೆ. ಈ ಚಳಿಯಲ್ಲಿ ಸೊನ್ನೆ ಬರೆದ್ರೆ ಮೇಲಿನವರು ನಾನು ಮನೇಲಿ ಮಲಗಿದ್ದೆ ಅಂತಾರೆ," ಎಂದು ಕಿಟಕಿಗೆ ಬಂದು ಗೋಳಾಡಿದರು. "ಒಂದಾದ್ರೂ ಕೆಮ್ಮು ಕೊಡಿ ಕಾಂಪೌಂಡರ್ರೇ. ನಿಮಗೆ ಕೈ ಮುಗಿದು ಕೇಳ್ತೀನಿ."

"ನಮ್ಮಲ್ಲಿ ಈಗ ಕೆಮ್ಮು ಇಲ್ಲ ಸಾರ್. ಮಿಕ್ಸ್ಚರ್ ಹಾಗಿದೆ," ಎಂದರು ಕಾಂಪೌಂಡರ್, ಪರದೆಯ ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ.

ಇನ್ಸ್‌ಪೆಕ್ಟರ್ ಬೆಂಚಿನವರತ್ತ ತಿರುಗಿ ಆಸೆಯಿಂದ ನೋಡಿದರು. ಬೆಂಚು ಕಲ್ಲಿನಂತೆ ಕೂತಿತ್ತು. ಮಾತಾಡಿ ಮಾತಾಡಿ ಗಂಟಲು ಒಣಗಿ ಅವರಿಗೇ ಕೆಮ್ಮು ಬಂತು. ತಕ್ಷಣ ಟೈಲರಮ್ಮ ಎದ್ದು, "ಶ್ಶ್! ಮನುಷ್ಯತ್ವ ಇದೆಯೇನ್ರೀ ನಿಮಗೆ?" ಎಂದು ಅವರ ತೋಳು ಹಿಡಿದು ಎಳೆದುಕೊಂಡು ಹೋಗಿ ಎದುರಿನ ಗೋಡೆಯ ಹಿಂದೆ ಬಿಟ್ಟುಬಂದಳು. ತಲೆಬುಡ ತಿಳಿಯದ ಇನ್ಸ್‌ಪೆಕ್ಟರ್ ಅಲ್ಲೇ ನಿಂತು ಮನಸಾರೆ ಕೆಮ್ಮಿ, ಕೊನೆಗೆ ತಮ್ಮ ಕೆಮ್ಮನ್ನೇ ಬರೆದುಕೊಂಡು ಕಚೇರಿಗೆ ಹೋದರು.

ಸಂಜೆ ಬಾಗಿಲು ಹಾಕುವಾಗ ಡಾಕ್ಟರಮ್ಮ ಕಾಂಪೌಂಡರನ್ನು ಕರೆದರು. "ಏನ್ರೀ ಇದು? ಎಲ್ಲರಿಗೂ ಒಂದೇ ಸಲ ವಾಸಿಯಾಗಿಬಿಡ್ತಾ?"

"ಹೌದಮ್ಮ."

"ಸರಿ. ನನಗೂ ಒಂದು ಬಾಟಲಿ ತುಂಬಿಕೊಡಿ."

ವಿಚಾರಣೆಗೆ ಸಾಕ್ಷಿ ಹಿಡಿದರು ಎಂದುಕೊಂಡರು ಕಾಂಪೌಂಡರ್. ಆದರೂ ಬಾಟಲಿ ತೊಳೆದರು, ತುಂಬಿದರು, ಚೀಟಿ ಅಂಟಿಸಿದರು. "ಬಳಸುವ ಮೊದಲು ಚೆನ್ನಾಗಿ ಅಲ್ಲಾಡಿಸಿ ಅಮ್ಮ," ಎಂದು ಹೇಳಿದರು. ಇದೇ ಕೊನೆಯ ಬಾಟಲಿ ಇರಬಹುದು ಎನಿಸಿ ಆ ರಾತ್ರಿ ಅವರಿಗೆ ಅನ್ನ ಸೇರಲಿಲ್ಲ.

ಭಾನುವಾರ ಕ್ಲಿನಿಕ್ಕಿಗೆ ರಜೆ. ಹಿಂದಿನ ಅಂಗಳದಲ್ಲಿ ಕಾರು ನಿಲ್ಲಿಸುವ ತಗಡಿನ ಶೆಡ್ಡು. ಅದರ ಬಾಗಿಲು ಅರ್ಧ ಹಾಕಿತ್ತು. ಡಾಕ್ಟರಮ್ಮನ ತಮ್ಮ ಬೆಳಿಗ್ಗೆಯೇ ಬಂದಿದ್ದಾರೆ, ಕೈಯಲ್ಲಿ ಭಾರದ ಪೆಟ್ಟಿಗೆಯಿದೆ ಎಂದು ಟೈಲರಮ್ಮ ಸುದ್ದಿ ತಂದಿದ್ದಳು. ಕಾಂಪೌಂಡರ್ ಒಗೆದ ಅಂಗಿ ತೊಟ್ಟು, ಜಾಡಿಯನ್ನು ಎದೆಗೆ ಅವುಚಿಕೊಂಡು ಬಂದರು. ಹಿಂದೆ ಹೆಂಡತಿ, ಭಾವಮೈದ, ಮೇಷ್ಟ್ರು, ಟೈಲರಮ್ಮ, ಅವರ ಹಿಂದೆ ಬೆಂಚಿನವರೆಲ್ಲರೂ. ಶೆಡ್ಡಿನ ಒಳಗಿಂದ ಗುಡುಗುಡು ಸದ್ದು ಬರುತ್ತಿತ್ತು. ಸದ್ದಿನ ಮೇಲೆ ಮಾತು.

"ಇನ್ನೂ ರಿಚ್ಚೇ ಇದೆ ಅಕ್ಕ."

"ಇನ್ನೊಂದು ಚೂರು ತೆಳು ಮಾಡು."

"ಎಷ್ಟೂಂತ ತೆಳು ಮಾಡೋದು? ಬೆಳಗಿಂದ ಅದನ್ನೇ ಮಾಡ್ತಿದ್ದೀನಿ. ಆದ್ರೂ ಕೆಮ್ತಾನೇ ಇದೆ."

"ಹಾಗಾದ್ರೆ ತೆಗೆದುಹಾಕೋದೇನಾ?" ಡಾಕ್ಟರಮ್ಮನ ದನಿಯಲ್ಲಿ ನಿಜವಾದ ದುಃಖವಿತ್ತು.

ಕಾಂಪೌಂಡರಿಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲು ತಳ್ಳಿಕೊಂಡು ನುಗ್ಗಿದರು. "ಅಮ್ಮಾ! ಇನ್ನು ತೆಳು ಮಾಡೋಕಾಗಲ್ಲಮ್ಮ! ನಾನಾಗಲೇ ಮೂರು ಚೊಂಬು ನೀರು ಹಾಕಿದ್ದೀನಿ!"

ಬಾನೆಟ್ಟಿನ ಕೆಳಗಿಂದ ಒಂದು ತಲೆ ಹೊರಬಂತು. ಡಾಕ್ಟರಮ್ಮನ ತಮ್ಮ. ಮುಖ ಮಸಿಯಾಗಿತ್ತು, ಕೈಯಲ್ಲಿ ಸ್ಪ್ಯಾನರು. "ನೀರಾ? ಕಾರ್ಬುರೇಟರಿಗೆ ನೀರು ಹಾಕಿದ್ರಾ?" ಎಂದು ಚೀರಿದರು. "ಅಕ್ಕ! ಸಿಕ್ಕಿಬಿದ್ರು ನೋಡು! ಅದಕ್ಕೇ ಸರಿಹೋಗ್ತಿಲ್ಲ!"

"ಒಂದೇ ಸಲ ಹಾಕಿಲ್ಲ ಸ್ವಾಮಿ. ದಿನಕ್ಕೊಂದು ಚೊಂಬು."

"ದಿನಾ ಬೇರೆ!"

ಆಗ ಮೇಷ್ಟ್ರು ಮುಂದೆ ಬಂದು, ತರಗತಿಯ ಮುಂದೆ ನಿಂತಂತೆ ನಿಂತರು. "ಡಾಕ್ಟ್ರೇ, ಈ ಮನುಷ್ಯ ನಮ್ಮ ಬೀದಿಗೆ ಮಾಡಿದ್ದನ್ನ ನಾವು ಮರೆತಿಲ್ಲ. ಅವರನ್ನ ತೆಗೆದು ಹೊಸದು ತರಿಸ್ತೀನಿ ಅಂದ್ರೆ ಒಪ್ಪಲ್ಲ. ನೋಡಿ, ನಮಗ್ಯಾರಿಗೂ ಕೆಮ್ಮಿಲ್ಲ. ಮಿಕ್ಸ್ಚರು ಸರಿಯಾಗಿದೆ. ಈ ಶೆಡ್ಡಿನಲ್ಲಿ ಒಬ್ಬರಾದರೂ ಕೆಮ್ಮಿದರೆ..."

ಅಷ್ಟರಲ್ಲಿ ಕಾರು ಒಮ್ಮೆ ನಡುಗಿ, ಹಿಂದಿನಿಂದ ಎಲ್ಲರ ಮುಖದ ಮೇಲೆ ಒಂದು ದೊಡ್ಡ ಕಪ್ಪು ಮೋಡ ಬಿಟ್ಟಿತು.

ಬೀದಿಗೆ ಬೀದಿಯೇ ಶುಕ್ರವಾರದಿಂದ ನುಂಗಿಟ್ಟುಕೊಂಡಿದ್ದ ಕೆಮ್ಮು ಒಮ್ಮೆಲೇ ಹೊರಬಿತ್ತು. ಮೇಷ್ಟ್ರ ಕೆಮ್ಮಿಗೆ ಶೆಡ್ಡಿನ ತಗಡು ಅದುರಿತು. ಟೈಲರಮ್ಮ ಕೆಮ್ಮುತ್ತ ಭಾವಮೈದನ ಬೆನ್ನು ಗುದ್ದಿದಳು, ಭಾವಮೈದ ಕೆಮ್ಮುತ್ತ ಅಕ್ಕನನ್ನು ಹಿಡಿದುಕೊಂಡ. ನಡುವೆ ಕಾರೂ ಕೆಮ್ಮುತ್ತಿತ್ತು. ಯಾರ ಕೆಮ್ಮು ಯಾವುದೆಂದು ಹೇಳುವಂತಿರಲಿಲ್ಲ. ಕೆಮ್ಮದೆ ನಿಂತಿದ್ದವರು ಕಾಂಪೌಂಡರೊಬ್ಬರೇ. ಅವರು ಜಾಡಿ ಹಿಡಿದುಕೊಂಡು ಕಾರನ್ನು ನೋಡಿದರು, ಹೊಗೆಯನ್ನು ನೋಡಿದರು, ಡಾಕ್ಟರಮ್ಮನ ಕೈಗಂಟಿದ ಗ್ರೀಸನ್ನು ನೋಡಿದರು. ಅವರ ಬಾಯಿ ನಿಧಾನವಾಗಿ ತೆರೆದುಕೊಂಡಿತು.

"ಅಮ್ಮ," ಎಂದರು ಸಣ್ಣ ದನಿಯಲ್ಲಿ, "ಮಂಗಳವಾರ ಫೋನಿನಲ್ಲಿ ಅಂದ್ರಲ್ಲ ಮಿಕ್ಸ್ಚರ್ ಸರಿ ಇಲ್ಲ ಅಂತ..."

ಡಾಕ್ಟರಮ್ಮ ಅವರನ್ನು ನೋಡಿದರು. ಜಾಡಿಯನ್ನು ನೋಡಿದರು. ಕೆಮ್ಮುವ ಜನರನ್ನು ನೋಡಿದರು. ಮೇಷ್ಟ್ರು ಕೆಮ್ಮಲಾರೆನೆಂದು ಹಟ ಹಿಡಿದದ್ದೂ ಇನ್ಸ್‌ಪೆಕ್ಟರನ್ನು ಎಳೆದೊಯ್ದದ್ದೂ ಒಂದೊಂದಾಗಿ ಜೋಡಣೆಯಾದಂತೆ ಅವರು ಕಾರಿನ ಬಾಗಿಲು ಹಿಡಿದು ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

"ಅದು ಈ ಮಿಕ್ಸ್ಚರು ರೀ!" ಎಂದು ಬಾನೆಟ್ಟಿನ ಕೆಳಗೆ ಕೈ ತೋರಿಸಿದರು. "ಪೆಟ್ರೋಲು, ಗಾಳಿ! ನಿಮ್ಮದಲ್ಲ!"

ಜನರೆಲ್ಲ ಭಾವಮೈದನ ಕಡೆ ತಿರುಗಿದರು. ಅವನು ಇಂಗು ತಿಂದ ಮಂಗನಂತೆ ನಿಂತು, "ನಾವು ಕ್ಲಚ್ಚು, ಬ್ರೇಕು ಮಾತ್ರ ಕಲಿಸೋದು," ಎಂದ.

ಕಾಂಪೌಂಡರಿಗೆ ಎಲ್ಲಿ ಮುಖ ಮುಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಡಾಕ್ಟರಮ್ಮ ಕಣ್ಣೊರೆಸಿಕೊಂಡು ಎದ್ದರು. "ನಿಮ್ಮ ಸಮಸ್ಯೆಯೇನೋ ಸರಿಹೋಯ್ತು. ಇದರದ್ದೇ ಆಗ್ತಿಲ್ಲ. ಎರಡು ಕಾರ್ಬುರೇಟರ್ ಇದೆ, ಕೆಳಗಡೆ ನಟ್ಟು ತಿರುಗಿಸಿ ತೆಳು ಮಾಡಿದಷ್ಟೂ ಹೊಗೆ," ಎಂದು ನಿಟ್ಟುಸಿರು ಬಿಟ್ಟರು.

ಏನಾದರೂ ಹೇಳಲೇಬೇಕಾದ ಗಳಿಗೆ ಅದು. ಕಾಂಪೌಂಡರಿಗೆ ಕಾರಿನ ವಿಷಯ ಏನೂ ತಿಳಿಯದು. ಮಿಕ್ಸ್ಚರು ಎಂದ ಕೂಡಲೇ ಇಡೀ ಜೀವಮಾನ ಬಾಯಿಗೆ ಬಂದ ಒಂದೇ ಮಾತು ಈಗಲೂ ಬಂತು. "ಬಳಸುವ ಮೊದಲು ಅಲ್ಲಾಡಿಸಿದ್ರಾ ಅಮ್ಮ?"

ಡಾಕ್ಟರಮ್ಮನ ತಮ್ಮ ಸ್ಪ್ಯಾನರು ಕೆಳಗಿಟ್ಟು ಹಣೆ ಹಿಡಿದುಕೊಂಡರು. ಆದರೆ ಬೆಂಚಿನವರು ಯೋಚನೆ ಮಾಡುತ್ತ ಕೂರಲಿಲ್ಲ. ಕೆಮ್ಮು ನುಂಗಿಯೂ ಕಾಂಪೌಂಡರಿಗೆ ಉಪಯೋಗಕ್ಕೆ ಬರಲಿಲ್ಲವಲ್ಲ ಎಂಬ ಕೊರಗು ಅವರಿಗಿತ್ತು. "ಕಾಂಪೌಂಡರ್ ಹೇಳಿದ್ರಲ್ಲ, ಹಿಡೀರಿ!" ಎಂದು ಮೇಷ್ಟ್ರು ಮುಂದಿನ ಬಂಪರಿಗೆ ಕೈ ಹಾಕಿದರು. ಟೈಲರಮ್ಮ ಹಿಂದಿನ ಬಂಪರು ಹಿಡಿದಳು. "ಅಯ್ಯೋ ಬಿಡ್ರೀ! ಅದು ಬಾಟಲಿಯಲ್ಲ, ಕಾರು!" ಎಂದು ತಮ್ಮ ಕೂಗಿಕೊಳ್ಳುತ್ತಿದ್ದಂತೆ ಹತ್ತಾರು ಕೈಗಳು ಓಡುತ್ತಿದ್ದ ಎಂಜಿನ್ನಿನ ಸಮೇತ ಆ ಪುಟ್ಟ ಕಾರನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದವು. ಚೆನ್ನಾಗಿಯೇ ಅಲ್ಲಾಡಿಸಿದವು.

ಎಲ್ಲೋ ಒಳಗೆ ಟಿಕ್ ಎಂದಿತು.

ಹೊಗೆ ಕಪ್ಪಿನಿಂದ ಬೂದಿಗೆ, ಬೂದಿಯಿಂದ ಬಿಳಿಗೆ ತಿರುಗಿ ಕಾಣದಾಯಿತು. ಎಂಜಿನ್ನು ಈಗ ಹಸಿದವರಂತೆ ಏದುಸಿರು ಬಿಡತೊಡಗಿತು. ಡಾಕ್ಟರಮ್ಮನ ತಮ್ಮ ಕೂಗು ನಿಲ್ಲಿಸಿ, ಬಗ್ಗಿ, ಕಿವಿಗೊಟ್ಟು ಕೇಳಿದರು. ತಲೆಯೆತ್ತಿದಾಗ ಮುಖ ಬೇರೆಯಾಗಿತ್ತು.

"ಅಕ್ಕ, ಫ್ಲೋಟು! ಪೆಟ್ರೋಲಿನ ಮೇಲೆ ತೇಲೋ ಬುರುಡೆ ಸಿಕ್ಕಿಹಾಕ್ಕೊಂಡಿತ್ತು. ಅದು ಮೇಲೆ ಬಂದ್ರೆ ತಾನೇ ಪೆಟ್ರೋಲು ನಿಲ್ಲೋದು? ತುಂಬಿ ಹರೀತಿತ್ತು. ನಾವು ನಟ್ಟು ತಿರುಗಿಸಿ ಏನು ಬಂತು! ಈಗ ಬಿಟ್ಟುಕೊಂಡಿದೆ. ಈಗ ತೆಳು ಜಾಸ್ತಿಯಾಯ್ತು, ಅಷ್ಟೇ."

ಡಾಕ್ಟರಮ್ಮ ಸ್ಪ್ಯಾನರು ತೆಗೆದುಕೊಂಡರು. ನಾಡಿ ನೋಡುವಾಗ ಬಗ್ಗುವಂತೆಯೇ ಬಗ್ಗಿ ಒಂದು ನಟ್ಟನ್ನು ಕೂದಲೆಳೆಯಷ್ಟು ತಿರುಗಿಸಿ ನಿಂತರು, ಕೇಳಿದರು. ಇನ್ನೊಂದನ್ನು ತಿರುಗಿಸಿದರು, ಕೇಳಿದರು. ಶೆಡ್ಡಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದರು, ಈ ಸಲ ಕೆಮ್ಮು ತಡೆಯಲಿಕ್ಕಲ್ಲ. ಏದುಸಿರು ನಿಂತು ಎಂಜಿನ್ನು ನೆಮ್ಮದಿಯಿಂದ, ಒಂದೇ ಸಮನೆ ಗುನುಗತೊಡಗಿತು. ಭಾವಮೈದ ಚಪ್ಪಾಳೆ ತಟ್ಟಿದ. ಯಾಕೆ ತಟ್ಟಿದ್ದೆಂದು ಅವನನ್ನು ಕೇಳಿದ್ದರೆ ಉತ್ತರ ಇರುತ್ತಿರಲಿಲ್ಲ.

ಜನ ಕರಗಿದ ಮೇಲೆ ಕಾಂಪೌಂಡರ್ ಜಾಡಿ ಹಿಡಿದುಕೊಂಡೇ ನಿಂತಿದ್ದರು. "ಅಮ್ಮ, ಮಿಕ್ಸ್ಚರಿಗೆ ನೀರು ಹಾಕಿದ್ದು ನಿಜ. ತಪ್ಪಾಯ್ತು."

"ಗೊತ್ತು. ನಿನ್ನೆ ರಾತ್ರಿ ಕುಡಿದೆನಲ್ಲ. ಬಣ್ಣದ ನೀರು."

"ಮತ್ತೆ ಬೆಳಿಗ್ಗೇನೇ ಯಾಕಮ್ಮ ಕರೆಸಿ ಕೇಳಲಿಲ್ಲ?"

ಡಾಕ್ಟರಮ್ಮ ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. "ಇಷ್ಟು ವರ್ಷ ನಾನು ಬರೆದ ಚೀಟೀನ ನೀವು ಒಂದು ದಿನಾನೂ ಅನುಮಾನಿಸಿಲ್ಲ. ನೀವು ನೀರು ಹಾಕಿದ್ರೆ ಏನೋ ಕಾರಣ ಇರುತ್ತೆ, ಸೋಮವಾರ ಕೇಳೋಣ ಅಂದ್ಕೊಂಡೆ," ಎಂದರು. ಆಮೇಲೆ, "ನಾಳೆ ಹೊಸದಾಗಿ ಬೆರೆಸಿ, ಅಷ್ಟೇ. ಮೇಷ್ಟ್ರ ಎದೆ ಸರಿ ಇಲ್ಲ. ಈಗ ಹತ್ತಿ, ಮನೆಗೆ ಬಿಡ್ತೀನಿ," ಎಂದರು.

ಹಾಗೆ ಕಾಂಪೌಂಡರ್ ಮೊದಲ ಬಾರಿಗೆ ಆ ಕಾರಿಗೆ ಇಳಿದರು. ಕೂತ ಕೂಡಲೇ ಜೇಬಿನಿಂದ ಒಂದು ಚೀಟಿ ತೆಗೆದು, ನಾಲಿಗೆಗೆ ಒತ್ತಿ, ಸ್ಟೇರಿಂಗಿನ ಪಕ್ಕದಲ್ಲಿ ನೆಟ್ಟಗೆ ಅಂಟಿಸಿದರು. ದುಂಡು ಅಕ್ಷರದ ಚೀಟಿ. ಡಾಕ್ಟರಮ್ಮ ಅದನ್ನು ಓದಿ ಗೇರು ಹಾಕಿದರು.

ಬೀದಿಯುದ್ದಕ್ಕೂ ಜನ ಬಾಗಿಲಲ್ಲಿ ನಿಂತಿದ್ದರು. ಮೇಷ್ಟ್ರು ಮಹಡಿಯಿಂದ ಕೈ ಬೀಸಿ, ಸಂತೋಷಕ್ಕೆ ಒಮ್ಮೆ ಕೆಮ್ಮಿದರು, ಬೆಕ್ಕು ಹಾರಿತು. ಟೈಲರಮ್ಮ ಅಂಗಡಿಯ ಮೆಟ್ಟಿಲಿಗೆ ಬಂದು ನಿಂತಳು. ಇವರೆಲ್ಲರ ಮುಂದೆ, ಚಾವಣಿಯಿಲ್ಲದ ಕಾರಿನಲ್ಲಿ, ತೊಡೆಯ ಮೇಲೆ ಜಾಡಿಯಿಟ್ಟುಕೊಂಡು ಕಾಂಪೌಂಡರ್ ಹೋಗುತ್ತಿದ್ದರು. ಇಷ್ಟು ದಿನ ತಾನೇ ಈ ಬೀದಿಯನ್ನು ಕೆಮ್ಮಿನಿಂದ ಕಾಯುತ್ತಿದ್ದೇನೆ ಎಂದುಕೊಂಡಿದ್ದರು. ಬೀದಿ ತನ್ನನ್ನು ಕಾಯುತ್ತಿತ್ತು ಎಂದು ಇವತ್ತು ಗೊತ್ತಾಯಿತು.

ದಿನವೂ ಕಾರು ಕೆಮ್ಮುತ್ತಿದ್ದ ತಿರುವು ಬಂತು. ಡಾಕ್ಟರಮ್ಮ ಕಿವಿಗೊಟ್ಟರು. ಕೆಮ್ಮು ಕೇಳಿಸಿತು.

ಆದರೆ ಅದು ಕಾರಿನದಲ್ಲ. ಕಾಂಪೌಂಡರ್ ಮುಖವನ್ನು ಆ ಕಡೆ ತಿರುಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮುತ್ತಿದ್ದರು. ಭುಜ ಅದುರುತ್ತಿತ್ತು, ಕಣ್ಣು ಹನಿಯುತ್ತಿತ್ತು.

ಡಾಕ್ಟರಮ್ಮ ಅವರ ಕಡೆ ನೋಡಲಿಲ್ಲ. ರಸ್ತೆಯನ್ನೇ ನೋಡುತ್ತ ಕೇಳಿದರು. "ಯಾಕ್ರೀ, ಮಿಕ್ಸ್ಚರ್ ಸರಿ ಇಲ್ವಾ?"

"ಸರಿಯಾಗಿದೆ ಅಮ್ಮ," ಎಂದರು ಕಾಂಪೌಂಡರ್ ಜಾಡಿಯನ್ನು ಅವುಚಿಕೊಂಡು. "ಸ್ವಲ್ಪ ರಿಚ್ ಆಯ್ತು, ಅಷ್ಟೇ."